ಪದ್ದಕ್ಕ ಬೇಕೆಂದ ನೀರು

ಆ ದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ, ತುಳಸಿಗೆ ನೀರೆರೆದು, ದೇವರ ಮುಂದೆ ಕುಳಿತು ನಾಮ ಹೇಳುತ್ತಿದ್ದೆ. ಅರ್ಧಕ್ಕೆ ಬಂದಿರಬೇಕು, ಹಂಚಿನ ಕಾರ್ಖಾನೆಯ ಕಾವಲುಗಾರ ಬೂಬ ಅಂಗಳಕ್ಕೆ ಬಂದು ನಿಂತ. ದೇವರ ಮುಂದೆ ಕುಳಿತಿರುವಾಗ ನನ್ನನ್ನು ಯಾರೂ ಕರೆಯುವುದಿಲ್ಲ. ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ ಕಾಲದಿಂದಲೂ ಅದು ಎಲ್ಲರಿಗೂ ಗೊತ್ತಿತ್ತು. ಬೂಬ ಕರೆದ.

“ಗುಮಾಸ್ತರೇ, ಬೂದಿ ವಾಪಸ್ ಬಂದಿದೆ.”

“ಯಾವ ಬೂದಿ?”

“ನಮ್ಮದೇ, ಹಂಚು ಸುಡುವ ಗೂಡಿನ ಬೂದಿ. ಗೇಟು ತೆಗೆಯಲಿಕ್ಕೆ ಆಗುವುದಿಲ್ಲ, ಅಷ್ಟುಂಟು. ಪದ್ದಕ್ಕನ ಹಿತ್ತಿಲಿಗೆ ಕಳಿಸಿದ್ದು.”

ನಾನು ಎದ್ದೆ. ನಾಮ ಅರ್ಧದಲ್ಲೇ ಉಳಿಯಿತು. ನಮ್ಮೂರಿನಲ್ಲಿ ಒಬ್ಬರು ಬೇಕೆಂದು ಪಡೆದುಕೊಂಡ ವಸ್ತು ಕೊಟ್ಟವರ ಬಾಗಿಲಿಗೆ ತಿರುಗಿ ಬರುವುದು ಎರಡೇ ಕಾರಣಕ್ಕೆ. ಪಡೆದವರಿಗೆ ಅದು ಬೇಡವಾಗಿರಬೇಕು, ಇಲ್ಲವೇ ಬೇಕೆನ್ನುವವರೇ ಇಲ್ಲವಾಗಿರಬೇಕು. ಪದ್ದಕ್ಕ ನನ್ನ ಒಡಹುಟ್ಟಿದ ಅಕ್ಕ, ನನಗಿಂತ ಐದು ವರ್ಷ ದೊಡ್ಡವಳು. ಒಮ್ಮೆ ಬೇಕೆಂದದ್ದನ್ನು ಅವಳು ಬೇಡವೆಂದದ್ದನ್ನು ನಾನು ನನ್ನ ಎಪ್ಪತ್ತಮೂರು ವರ್ಷಗಳಲ್ಲಿ ಕಂಡಿರಲಿಲ್ಲ.

ಬಂದರದ ದಾರಿ ಹಿಡಿದು ನಡೆದೆ. ಸುಣ್ಣದ ಗೂಡಿನ ಮುಂದೆ ಕಾರ್ಮಿನ್ ಬಾಯಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅವಳ ಬಾಗಿಲಲ್ಲಿ ಸುಟ್ಟು ಉಳಿದ ಚಿಪ್ಪಿನ ರಾಶಿ. ನನ್ನನ್ನು ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಇನ್ನೂ ಮುಂದೆ ಮೀನೆಣ್ಣೆಯ ಗಿರಣಿ. ಗಿರಣಿಯ ಅಂಗಳದಲ್ಲಿ ಕಪ್ಪು ನೀರು ಪಾದ ಮುಳುಗುವಷ್ಟು ನಿಂತಿತ್ತು. ಯಜಮಾನ ಹಸನಬ್ಬ ಲುಂಗಿ ಎತ್ತಿ ಕಟ್ಟಿ ಆ ನೀರಿನಲ್ಲೇ ನಿಂತಿದ್ದ.

“ಗುಮಾಸ್ತರೇ,” ಎಂದ. “ಪದ್ದಕ್ಕ ಹೋದರಾ?”

ನಾನು ಹಿತ್ತಿಲಿನ ಕಡೆಗೆ ಬೇಗ ಬೇಗ ಹೆಜ್ಜೆ ಹಾಕಿದೆ. ಕಣ್ಣಾರೆ ನೋಡುವ ಮೊದಲೇ ಊರಿಗೆಲ್ಲ ಅವಳ ಸಾವು ತಿಳಿದುಹೋಗಿತ್ತು. ಅವಳ ನಾರಿನ ಹಿತ್ತಿಲಿಗೆ ಹೋದಾಗ ಕೆಲಸದ ಸುಂದರಿ ಹೊಸ್ತಿಲಲ್ಲಿ ಕುಳಿತು ಅಳುತ್ತಿದ್ದಳು. ಒಳಗೆ ಅಕ್ಕ ಚಾಪೆಯ ಮೇಲೆ ಬಲಮಗ್ಗುಲಾಗಿ ಮಲಗಿದ್ದಳು, ನಿದ್ದೆ ಬಂದವರ ಹಾಗೆ. ಮೂಗಿಗೆ ಹೊಸ ತೆಂಗಿನ ನಾರಿನ ವಾಸನೆ ಬಂತು. ಬೇರೆ ಯಾವ ವಾಸನೆಯೂ ಇರಲಿಲ್ಲ. ಅದನ್ನು ನಾನು ಆಗ ಗಮನಿಸಲಿಲ್ಲ.

ನಮ್ಮೂರಿನ ರೀತಿಯನ್ನು ಹೊರಗಿನವರಿಗೆ ಹೇಳುವುದು ಕಷ್ಟ. ಬಿಸಾಡಿದ್ದು ಬೆಳಗಾಗುವಾಗ ಬಿಸಾಡಿದವರ ಬಾಗಿಲಿಗೇ ಬರುತ್ತದೆ. ಸಮುದ್ರಕ್ಕೆ ಹಾಕಿದರೂ ಬರುತ್ತದೆ, ಮಣ್ಣಿನಲ್ಲಿ ಹೂತರೂ ಬರುತ್ತದೆ. ಮತ್ತೊಬ್ಬರು ನಮ್ಮ ಬಾಗಿಲಿಗೆ ಬಂದು, ಬಲಗೈ ಚಾಚಿ, “ಬೇಕು” ಎಂದರೆ ಮಾತ್ರ ಅದು ಅವರ ಜೊತೆ ಹೋಗುತ್ತದೆ. ಬಾಯಿಯಲ್ಲಿ ಬೇಕೆಂದು ಮನಸ್ಸಿನಲ್ಲಿ ಬೇಡವಾಗಿದ್ದರೆ ಮರುದಿನ ತಿರುಗಿ ನಮ್ಮ ಬಾಗಿಲಿನಲ್ಲೇ. ನಮ್ಮ ಶಾಲೆಯ ಮಾಸ್ತರರೊಬ್ಬರು ತಮ್ಮ ಹರಿದ ಕೊಡೆಯನ್ನು ಒಂದು ಮಳೆಗಾಲದಲ್ಲಿ ಹದಿನೇಳು ಸಲ ಬಿಸಾಡಿದರು. ಕೊನೆಗೆ ಅದರ ಕಡ್ಡಿಗಳು ಬಲೆ ಹೆಣೆಯುವವರಿಗೆ ಬೇಕಾದವು, ಬಟ್ಟೆ ಅವರ ಮನೆಯ ಬೆಕ್ಕಿಗೆ ಬೇಕಾಯಿತು.

ಈ ಕಾರಣದಿಂದ ನಮ್ಮಲ್ಲಿ ಉಪಚಾರದ ಮಾತು ಬೆಳೆಯಲಿಲ್ಲ. ಬೇರೆ ಊರಿನಲ್ಲಿ ಒಂದು ಹಲಸಿನ ಹಣ್ಣು ಕೊಟ್ಟರೆ “ಅಯ್ಯೋ, ಬೇಡಿತ್ತು” ಎನ್ನುತ್ತಾರೆ, ಎರಡನೆಯ ಸಲ ಹೇಳಿದರೆ “ಇರಲಿ” ಎನ್ನುತ್ತಾರೆ. ನಮ್ಮಲ್ಲಿ ಆ ಎರಡು ಮಾತಿಗೂ ಹಣ್ಣು ನಿಲ್ಲುವುದಿಲ್ಲ. ಚಿಕ್ಕಂದಿನಲ್ಲಿ ಅಮ್ಮ ನಮ್ಮಿಬ್ಬರಿಗೂ ಕಲಿಸಿದ್ದು ಇಷ್ಟೇ: ಬೇಕಾದರೆ ಬೇಕೆನ್ನಿ, ಬೇಡವಾದರೆ ಬಾಯಿ ಮುಚ್ಚಿಕೊಂಡಿರಿ. ನೆಂಟರು ನಮ್ಮನ್ನು ಆಸೆಬುರುಕರು ಎಂದು ಆಡಿಕೊಳ್ಳುತ್ತಿದ್ದರು. ಮದುವೆಯಾಗಿ ಬಂದ ಸೊಸೆಯಂದಿರಿಗೆ ಬೇಕು ಎಂಬ ಮಾತು ನಾಲಗೆಗೆ ಬರಲು ಒಂದು ವರ್ಷವಾದರೂ ಹಿಡಿಯುತ್ತಿತ್ತು. ಅಷ್ಟರವರೆಗೆ ಅವರಿಗೆ ಕೊಟ್ಟ ಸೀರೆಗಳು ಅತ್ತೆಯ ಪೆಟ್ಟಿಗೆಗೂ ಸೊಸೆಯ ಪೆಟ್ಟಿಗೆಗೂ ನಡುವೆ ಓಡಾಡುತ್ತಲೇ ಇರುತ್ತಿದ್ದವು.

ಮನೆಗಳಿಗೆ ಇಷ್ಟು ಪಾಡಾದರೆ ಕಾರ್ಖಾನೆಗಳಿಗೆ ಎಷ್ಟಿರಬೇಡ! ಬಂದರದ ಸಾಲಿನಲ್ಲಿ ಐದು ಕಾರ್ಖಾನೆಗಳಿದ್ದವು. ಹೊಗೆ, ಬೂದಿ, ಸಿಪ್ಪೆ, ನೀರು ಇಲ್ಲದೆ ಯಾವುದೂ ನಡೆಯುವುದಿಲ್ಲ. ಬಿಸಾಡುವ ಹಾಗೂ ಇಲ್ಲ. ನಮ್ಮ ಹಿರಿಯರು ಬಂದರದ ಹಳೆಯ ಆಲದ ಮರಕ್ಕೆ ಒಂದು ಕಟ್ಟೆ ಕಟ್ಟಿಸಿ, ಪ್ರತಿ ಗುರುವಾರ ಮೂರು ಗಂಟೆಗೆ ಎಲ್ಲ ಕಾರ್ಖಾನೆಯವರೂ ಅಲ್ಲಿ ಸೇರುವ ಪದ್ಧತಿ ಮಾಡಿದರು. ಒಬ್ಬೊಬ್ಬರೂ ತಮ್ಮಲ್ಲಿ ಉಳಿದದ್ದನ್ನು ತೆಂಗಿನ ಕರಟದಲ್ಲಿ ತುಂಬಿ ತರಬೇಕು. ಕರಟ ಕೈಯಿಂದ ಕೈಗೆ ಹೋಗುತ್ತಿತ್ತು. ಮೂಸುತ್ತಿದ್ದರು, ಉಜ್ಜುತ್ತಿದ್ದರು, ಕೆಲವರು ನಾಲಗೆಗೂ ಮುಟ್ಟಿಸುತ್ತಿದ್ದರು.

ನಾನು ಇಪ್ಪತ್ತೆರಡು ವರ್ಷ ಹಂಚಿನ ಕಾರ್ಖಾನೆಯ ಪರವಾಗಿ ಆ ಕಟ್ಟೆಯ ಮೇಲೆ ಕುಳಿತವನು. ಆ ಗುರುವಾರಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಗೇರುಬೀಜದ ಕಾರ್ಖಾನೆಯ ಸಿಪ್ಪೆ ನಮ್ಮ ಹಂಚಿನ ಗೂಡಿಗೆ ಬೇಕಾಗಿತ್ತು, ಅದರಂತೆ ಉರಿಯುವ ಸೌದೆ ಬೇರೆ ಇಲ್ಲ. ನಮ್ಮ ಒಡೆದ ಹಂಚು ಕಾರ್ಮಿನ್ ಬಾಯಿಯ ಸುಣ್ಣಕ್ಕೆ ಬೇಕಾಗಿತ್ತು. ಪುಡಿ ಮಾಡಿ ಸುಣ್ಣದೊಂದಿಗೆ ಅರೆದು ಅವಳು ದೋಣಿ ನಿಲ್ಲುವ ಧಕ್ಕೆಯ ಕಲ್ಲುಗಳಿಗೆ ಗಾರೆ ಮಾಡಿಕೊಡುತ್ತಿದ್ದಳು. ಮಂಜುಗಡ್ಡೆಯ ಕಾರ್ಖಾನೆಯಲ್ಲಿ ಮೀನು ಕೊಯ್ದು ಉಳಿದ ತಲೆ, ಕರುಳು ಎಲ್ಲ ಎಣ್ಣೆಯ ಗಿರಣಿಗೆ ಬೇಕಾಗಿತ್ತು. ಅಲ್ಲಿನ ಯಂತ್ರ ತಣಿಸಿ ಬಿಸಿಯಾದ ನೀರೂ ಗಿರಣಿಗೇ. ಒಬ್ಬರ ಕೆಲಸ ನಿಂತರೆ ಮಗ್ಗುಲಿನವರ ಬಾಗಿಲು ಮುಚ್ಚಿಹೋಗುತ್ತಿತ್ತು. ಆದ್ದರಿಂದ ಒಬ್ಬರಿಗೆ ಜ್ವರ ಬಂದರೆ ಉಳಿದ ನಾಲ್ವರೂ ಗಂಜಿ ತೆಗೆದುಕೊಂಡು ಹೋಗುತ್ತಿದ್ದರು. ಅದು ಪ್ರೀತಿಯೋ ಭಯವೋ ಎಂದು ನಾವು ಬೇರೆ ಮಾಡಿ ನೋಡಿದವರಲ್ಲ.

ಕಟ್ಟೆಯ ಮೇಲೆ ಯಾರಿಗೂ ಬೇಡವಾದದ್ದು ಒಂದೇ, ಎಣ್ಣೆಯ ಗಿರಣಿಯ ನೀರು. ಮೀನು ಬೇಯಿಸಿ, ಹಿಂಡಿ, ಎಣ್ಣೆ ತೆಗೆದ ಮೇಲೆ ಉಳಿಯುವ ಕಪ್ಪು ನೀರು. ಅದರ ನಾತವನ್ನು ನಾನು ಬರೆಯಲಾರೆ. ಹಸನಬ್ಬನ ತಂದೆ ಪ್ರತಿ ಗುರುವಾರ ಒಂದು ಕರಟ ತರುತ್ತಿದ್ದರು, ಕರಟ ಕೈಯಿಂದ ಕೈಗೆ ಬೇಗ ಬೇಗ ಸಾಗಿ ಅವರ ಕೈಗೇ ಬರುತ್ತಿತ್ತು.

“ಯಾರಾದರೂ ನೋಡಿ ಮಾರಾಯ್ರೆ,” ಎನ್ನುತ್ತಿದ್ದರು.

“ನೋಡಿದೆವು ಸಾಯ್ಬರೇ. ನೋಡಲಿಕ್ಕೆ ಏನೂ ತೊಂದರೆ ಇಲ್ಲ, ಮೂಸಲಿಕ್ಕೇ ಕಷ್ಟ,” ಎಂದು ಯಾರಾದರೂ ಹೇಳಿ ನಗಿಸುತ್ತಿದ್ದರು.

ಗಿರಣಿಯ ಅಂಗಳದಲ್ಲಿ ನೀರು ಏರುತ್ತ ಹೋಯಿತು. ಬಾಯ್ಲರಿನ ಬಾಯಿಗೆ ಮುಟ್ಟಿದರೆ ಗಿರಣಿ ನಿಂತಂತೆ. ಗಿರಣಿ ನಿಂತರೆ ಮೀನಿನ ತಲೆಗಳು ಮಂಜುಗಡ್ಡೆಯ ಕಾರ್ಖಾನೆಗೆ ಮರಳುತ್ತವೆ, ಅದು ನಿಂತರೆ ದೋಣಿಗಳು ಕಡಲಿಗಿಳಿಯುವುದಿಲ್ಲ. ಹಾಗಿರುವಾಗ ಒಂದು ಗುರುವಾರ ಪದ್ದಕ್ಕ ಕಟ್ಟೆಗೆ ಬಂದಳು. ಅವಳ ಗಂಡ ಸಂಜೀವ ಭಾವ ಅದೇ ಗಿರಣಿಯಲ್ಲಿ ಬಾಯ್ಲರಿನ ಕೆಲಸಕ್ಕಿದ್ದವನು, ಎರಡು ತಿಂಗಳ ಹಿಂದೆ ವಿಷಮಜ್ವರದಲ್ಲಿ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಹಿನ್ನೀರಿನ ದಡದ ತನ್ನ ಹಿತ್ತಿಲಿನಲ್ಲಿ ತೆಂಗಿನ ಸಿಪ್ಪೆ ಕೊಳೆಹಾಕಿ ನಾರು ತೆಗೆದು ಹುರಿ ಹೊಸೆಯುತ್ತಿದ್ದಳು. ಅವಳು ಸಾಯ್ಬರ ಕೈಯಿಂದ ಕರಟವನ್ನು ತೆಗೆದುಕೊಂಡು ಬಹಳ ಹೊತ್ತು ಮೂಗಿನ ಹತ್ತಿರ ಹಿಡಿದಳು. ಮುಖ ಸಿಂಡರಿಸಲಿಲ್ಲ.

“ಇದು ನನಗೆ ಬೇಕು,” ಎಂದಳು.

“ನಿನಗೆ ಮರುಳಾ ಅಕ್ಕ?” ಎಂದೆ ನಾನು, ಎಲ್ಲರೆದುರು.

“ನಿನಗೆ ಬೇಡವಲ್ಲಾ ದೇಜು? ಹಾಗಾದರೆ ಬಾಯಿ ಮುಚ್ಚಿಕೊಂಡಿರು,” ಎಂದಳು. ಅಮ್ಮನದೇ ಮಾತು. ಕಟ್ಟೆಯವರೆಲ್ಲ ನಕ್ಕರು.

ಮರುದಿನ ಗಿರಣಿಯ ಅಂಗಳ ಒಣಗಿತ್ತು. ಪದ್ದಕ್ಕ ಗಿರಣಿಯಿಂದ ತನ್ನ ಹಿತ್ತಿಲಿಗೆ ನೀರು ಹರಿಯಲು ಒಂದು ತೋಡು ಕಡಿಸಿದಳು. ಒಂದರ ಕೆಳಗೊಂದು ಮೂರು ಗುಂಡಿ ಮಾಡಿಸಿದಳು. ನಮ್ಮ ಗೂಡಿನ ಬೂದಿ ಬೇಕೆಂದಳು, ಕಾರ್ಮಿನ್ ಬಾಯಿಯ ಚಿಪ್ಪಿನ ಚೂರು ಬೇಕೆಂದಳು. ಮೊದಲ ಗುಂಡಿಯಲ್ಲಿ ಮೇಲೆ ತೇಲಿದ ಜಿಡ್ಡನ್ನು ದೋಣಿ ಕಟ್ಟುವವರು ಹಲಗೆಗೆ ಹಚ್ಚಲು ಕೊಂಡುಹೋದರು. ಅಡಿಯ ಕೆಸರು ತೆಂಗಿನ ಬುಡಕ್ಕೆ ಹೋಯಿತು. ಮೂರನೆಯ ಗುಂಡಿಗೆ ಬರುವಾಗ ನೀರು ತಿಳಿಯಾಗಿ, ನಾತ ಕಳೆದು, ಹಿನ್ನೀರಿನ ಉಪ್ಪು ಕೆಸರಿನಲ್ಲಿ ಬೇರುಬಿಟ್ಟು ನಿಂತ ಕಾಂಡ್ಲ ಗಿಡಗಳ ಬುಡಕ್ಕೆ ಇಳಿಯುತ್ತಿತ್ತು. ಆ ಗಿಡಗಳ ಬೇರಿನಲ್ಲಿ ಏಡಿ ಬಂತು, ಸಿಗಡಿ ಬಂತು, ಕೊಕ್ಕರೆ ಬಂತು. ಐದು ಕಾರ್ಖಾನೆಯ ಉಳಿದದ್ದೆಲ್ಲ ಒಂದಲ್ಲ ಒಂದು ರೀತಿಯಲ್ಲಿ ನನ್ನ ಅಕ್ಕನ ಹಿತ್ತಿಲಿನಲ್ಲಿ ಮುಗಿಯುತ್ತಿತ್ತು.

ಆದರೆ ಆ ಮೊದಲ ಗುಂಡಿಯ ನಾತ ಅವಳ ಮೈಗೆ ಹತ್ತಿತು. ಸೀರೆಗೆ, ಕೂದಲಿಗೆ, ಅವಳು ಕೊಟ್ಟ ಹುರಿಗೂ ಹತ್ತಿತು. ಶನಿವಾರದ ಭಜನೆಗೆ ಬಂದರೆ ಪಕ್ಕದ ಹೆಂಗಸರು ಒಬ್ಬೊಬ್ಬರಾಗಿ ಸರಿದು ಕುಳಿತುಕೊಳ್ಳುತ್ತಿದ್ದರು. ನಾನು ಭಜನಾ ಮಂಡಳಿಯ ಕಾರ್ಯದರ್ಶಿ. ಒಂದು ಶನಿವಾರ ನಾನೇ ಅವಳ ಹತ್ತಿರ ಹೋಗಿ ಮೆಲ್ಲನೆ ಹೇಳಿದೆ.

“ಅಕ್ಕಾ, ನೀನು ಹೊರಗೆ ಜಗಲಿಯಲ್ಲಿ ಕೂತುಕೊಂಡರೆ ಒಳ್ಳೆಯದಿತ್ತು. ಅಲ್ಲಿ ಗಾಳಿಯೂ ಉಂಟು.”

ಅವಳು ನನ್ನ ಮುಖ ನೋಡಿದಳು. “ಹೌದಾ? ಆಯ್ತು. ಅಲ್ಲಿಂದಲೂ ತಾಳ ಕೇಳ್ತದೆ,” ಎಂದು ಎದ್ದಳು.

ಆಮೇಲೆ ಮೂವತ್ತೊಂದು ವರ್ಷ ಅವಳು ಜಗಲಿಯಲ್ಲೇ ಕುಳಿತಳು. ಮಳೆಗಾಲದಲ್ಲಿ ಎರಚಲು ಹೊಡೆಯುತ್ತಿತ್ತು. ಪ್ರಸಾದವನ್ನು ನಾನೇ ಒಯ್ದು ಕೊಡುತ್ತಿದ್ದೆ, ಎತ್ತರದಿಂದ ಅವಳ ಬೊಗಸೆಗೆ ಹಾಕಿ ಬೇಗ ತಿರುಗುತ್ತಿದ್ದೆ. ಅವಳ ಮನೆಯಲ್ಲಿ ಊಟ ಮಾಡುವುದನ್ನೂ ಬಿಟ್ಟೆ. ನೇಮ ನಿಷ್ಠೆಯ ನೆವ ಹೇಳುತ್ತಿದ್ದೆ. ಅವಳು ನನ್ನ ಮನೆಗೆ ಬಂದರೆ ಅಂಗಳದಲ್ಲೇ ನಿಂತು ಮಾತಾಡಿ ಹೋಗುತ್ತಿದ್ದಳು. ಕರೆದಿದ್ದರೆ ಒಳಗೆ ಬರುತ್ತಿದ್ದಳು. ನಾನು ಕರೆಯಲಿಲ್ಲ.

ಅವಳನ್ನು ಸುಟ್ಟು ಬಂದ ಮೂರನೆಯ ದಿನಕ್ಕೆ ಗಿರಣಿಯ ನೀರು ಮೊಣಕಾಲಿಗೆ ಬಂತು. ಗುರುವಾರ ಕಟ್ಟೆಯಲ್ಲಿ ಎಲ್ಲರೂ ಸೇರಿದರು. ಮಂಜುಗಡ್ಡೆಯ ಕಾರ್ಖಾನೆಯ ಯಜಮಾನರು ಪದ್ದಕ್ಕನ ತ್ಯಾಗದ ಬಗ್ಗೆ ಮಾತಾಡಿದರು. ಊರಿಗಾಗಿ ತನ್ನ ಸುಖವನ್ನು ಬಿಟ್ಟ ತಾಯಿ ಎಂದರು. ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ಕಾರ್ಮಿನ್ ಬಾಯಿ ಮಾತ್ರ ತಟ್ಟನೆ ಹೇಳಿದಳು.

“ಎಂತ ತ್ಯಾಗ? ತ್ಯಾಗಕ್ಕೆ ಇಲ್ಲಿ ಒಂದು ಕರಟ ನೀರೂ ನಿಲ್ಲುವುದಿಲ್ಲ. ಅವಳಿಗೆ ಅದು ಬೇಕಿತ್ತು. ಯಾಕೆ ಬೇಕಿತ್ತು ಅಂತ ಗೊತ್ತಾದರೆ ಇನ್ನೊಬ್ಬರನ್ನು ಹುಡುಕಬಹುದು.”

ಎಲ್ಲರೂ ನನ್ನ ಕಡೆ ನೋಡಿದರು. ನಾನು ಒಡಹುಟ್ಟಿದವನು. ನನಗೆ ಗೊತ್ತಿರಲಿಲ್ಲ.

ಅಂದಿನಿಂದ ಒಬ್ಬೊಬ್ಬರೂ ಪ್ರಯತ್ನಪಟ್ಟರು. ದೋಣಿ ಕಟ್ಟುವ ಮೇಸ್ತ್ರಿ ಗಿರಣಿಯ ಬಾಗಿಲಿಗೆ ಬಂದು ಬೇಕೆಂದ. ಬೆಳಿಗ್ಗೆ ನೋಡಿದರೆ ಜಿಡ್ಡು ಮಾತ್ರ ಅವನ ಕೊಟ್ಟಿಗೆಯಲ್ಲಿ ನಿಂತು, ನೀರು ತೊಟ್ಟೂ ಬಿಡದೆ ಗಿರಣಿಗೆ ಮರಳಿತ್ತು. ತೆಂಗಿನ ತೋಟದವರಿಗೆ ಅಡಿಯ ಕೆಸರಷ್ಟೇ ದಕ್ಕಿತು. ಸುಂದರಿ ದೇವರಿಗೆ ಕೈಮುಗಿದು, ಎರಡು ಕೈಯನ್ನೂ ಚಾಚಿ ಬೇಕೆಂದಳು. ಅದೂ ಮರಳಿ ಬಂತು.

“ನಿನಗೆ ಕೆಲಸ ಬೇಕಾದದ್ದು, ನೀರಲ್ಲ,” ಎಂದ ಹಸನಬ್ಬ. ಬೈಗುಳದ ಹಾಗೆ ಹೇಳಲಿಲ್ಲ.

“ಹೌದು ಸಾಯ್ಬರೇ,” ಎಂದು ಸುಂದರಿ ಕಣ್ಣೊರೆಸಿಕೊಂಡಳು. “ಆ ನೀರಿಗೂ ಬುದ್ಧಿ ಉಂಟು, ನೋಡಿ.”

ಹಸನಬ್ಬ ಆ ದಿನಗಳಲ್ಲಿ ಬಹಳ ಇಳಿದುಹೋದ. ಅವನ ಗಿರಣಿಯಲ್ಲಿ ಅರವತ್ತು ಜನರಿದ್ದರು. ನೀರು ಬಾಯ್ಲರಿನ ಬಾಯಿಗೆ ಒಂದು ಗೇಣು ಉಳಿದಾಗ, ಒಂಬತ್ತನೆಯ ದಿನ, ನಾನು ನಿರ್ಧಾರ ಮಾಡಿದೆ. ಅಕ್ಕನಿಗೆ ಮಾಡಿದ ಅನ್ಯಾಯಕ್ಕೆ ಇದೇ ಪ್ರಾಯಶ್ಚಿತ್ತ ಎಂದುಕೊಂಡೆ. ಆ ದಿನ ಉಪವಾಸವಿದ್ದು, ತಲೆಗೆ ಸ್ನಾನ ಮಾಡಿ, ಮಡಿ ಉಟ್ಟು, ಹಣೆಗೆ ನಾಮ ಹಚ್ಚಿ ಗಿರಣಿಗೆ ಹೋದೆ. ಬಂದರದ ಸಾಲಿನವರೆಲ್ಲ ಸೇರಿದ್ದರು. ಕೈ ಚಾಚಿ, “ಈ ನೀರು ನನಗೆ ಬೇಕು” ಎಂದೆ. ಕೆಲವರು ಅತ್ತರು ಕೂಡ.

ಬೆಳಿಗ್ಗೆ ನೀರು ಅಲ್ಲೇ ಇತ್ತು. ಹಿಂದಿನ ದಿನಕ್ಕಿಂತ ಎರಡು ಬೆರಳು ಹೆಚ್ಚೇ ಇತ್ತು.

“ದೇಜಪ್ಪಣ್ಣ, ಬೇಸರ ಮಾಡಬೇಡಿ,” ಎಂದಳು ಕಾರ್ಮಿನ್ ಬಾಯಿ. “ನೀವು ಉಸಿರು ಬಿಗಿ ಹಿಡಿದು ಬೇಕು ಅಂದದ್ದು. ನಾನು ನೋಡ್ತಾ ಇದ್ದೆ.”

ಅವಳು ಹೇಳಿದ್ದು ನಿಜ. ನನಗೆ ಕ್ಷಮೆ ಬೇಕಾಗಿತ್ತು. ನಾಲ್ಕು ಜನರೆದುರು ಬೇಕಾಗಿತ್ತು. ದೇವರ ಮುಂದೆ ಎಷ್ಟು ವರ್ಷ ಕುಳಿತರೂ ಮನುಷ್ಯ ತನ್ನನ್ನು ತಾನು ಮೋಸಗೊಳಿಸುವುದನ್ನು ಬಿಡುವುದಿಲ್ಲ. ಆ ಹೊತ್ತಿನ ನಾಚಿಕೆ ನನಗೆ ಈ ಜನ್ಮಕ್ಕೆ ಸಾಕಾಯಿತು.

ಹನ್ನೆರಡನೆಯ ದಿನ ಹಸನಬ್ಬ ಮನೆಗೆ ಬಂದ. ನನ್ನ ಮನೆಯ ಜಗಲಿಯಲ್ಲಿ ಕುಳಿತು ಟೊಪ್ಪಿ ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಂಡ.

“ನಾಳೆ ಬೆಳಿಗ್ಗೆ ಬಾಯ್ಲರ್ ಆರಿಸ್ತೇನೆ ಗುಮಾಸ್ತರೇ. ನಿಮಗೆ ಹೇಳದೆ ಆರಿಸಬಾರದು ಅಂತ ಬಂದದ್ದು. ನಾಳೆ ಪದ್ದಕ್ಕನ ಉತ್ತರಕ್ರಿಯೆ ಅಲ್ಲವಾ? ಮುಗಿಸಿಕೊಂಡೇ ಆರಿಸಲಾ?”

“ನಿನಗೆ ಸರಿ ಕಂಡ ಹಾಗೆ ಮಾಡು.”

“ನನ್ನ ತಂದೆ ಹೇಳ್ತಿದ್ದರು, ಸಂಜೀವಣ್ಣನ ಹಾಗೆ ಬಾಯ್ಲರ್ ನೋಡಿಕೊಂಡವರು ಇಲ್ಲ ಅಂತ. ಸಂಜೆ ಐದಕ್ಕೆ ಸೀಟಿ ಊದಿದ ಕೂಡಲೇ ಮನೆಗೆ ಓಡ್ತಿದ್ದರಂತೆ, ಮೈ ಕೂಡ ತೊಳೆಯದೆ. ಎಲ್ಲರೂ ತಮಾಷೆ ಮಾಡ್ತಿದ್ದರಂತೆ.” ಅಷ್ಟು ಹೇಳಿ ಅವನು ಎದ್ದುಹೋದ. ನಾನು ಅದನ್ನು ಕಿವಿಯಲ್ಲಿ ಕೇಳಿದೆ, ಮನಸ್ಸಿಗೆ ತಂದುಕೊಳ್ಳಲಿಲ್ಲ.

ಉತ್ತರಕ್ರಿಯೆಯ ಎಲೆಗೆ ಸತ್ತವರ ಇಷ್ಟದ ಪದಾರ್ಥ ಬಡಿಸುವುದು ನಮ್ಮ ಕ್ರಮ. ಅಕ್ಕನಿಗೆ ಏನು ಇಷ್ಟವೆಂದು ಯೋಚಿಸಿದೆ. ಚಿಕ್ಕಂದಿನ ಬೆಲ್ಲದ ಕಡುಬಿನ ಆಚೆ ನನಗೆ ಏನೂ ನೆನಪಾಗಲಿಲ್ಲ. ಮೂವತ್ತು ವರ್ಷ ಅವಳ ಮನೆಯಲ್ಲಿ ಕೈ ತೊಳೆಯದವನಿಗೆ ಹೇಗೆ ಗೊತ್ತಿರಬೇಕು? ಸುಂದರಿಯನ್ನು ಕೇಳೋಣವೆಂದು ಸಂಜೆ ಹಿತ್ತಿಲಿಗೆ ಹೋದೆ.

“ಅವರಿಗೆ ಬೇರೆ ಏನೂ ಬೇಡ ಅಣ್ಣ. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ. ಕೂತುಕೊಳ್ಳಿ, ಮಾಡಿದ್ದು ಉಂಟು. ಈಗಲೂ ಅವರ ಪಾಲು ಹಾಕಿಯೇ ಬೇಯಿಸಿಬಿಡ್ತೇನೆ, ಕೈ ಕೇಳುವುದಿಲ್ಲ.”

ನಾನು ಒಳಗೆ ಹೋಗಹೊರಟೆ. ಸುಂದರಿ ತಡೆದಳು.

“ಒಳಗೆ ಅಲ್ಲ. ಅವರು ಉಣ್ಣುತ್ತಿದ್ದದ್ದು ಇಲ್ಲಿ.”

ಮೊದಲ ಗುಂಡಿಯ ಅಂಚಿಗೆ ಒಂದು ಒರಗುಕಲ್ಲು ಇತ್ತು. ಅದರ ಎದುರು ಎರಡು ಮಣೆ. ಸುಂದರಿ ಒಂದರ ಮೇಲೆ ನನ್ನನ್ನು ಕೂರಿಸಿ ಗಂಜಿಯ ಬಟ್ಟಲು ಇಟ್ಟಳು.

“ಈ ನಾತದಲ್ಲಿ ಊಟವಾ?” ಎಂದು ಕೇಳಿದೆ.

“ನಾನೂ ಕೇಳಿದ್ದೆ. ಮೊದಮೊದಲು ನನಗೆ ವಾಂತಿ ಬರ್ತಿತ್ತು. ಅದಕ್ಕೆ ಅವರು ನಗುತ್ತಿದ್ದರು. ಐದು ಗಂಟೆಗೆ ಗಿರಣಿಯ ಸೀಟಿ ಆಗುವಾಗ ಅಲ್ಲಿಂದ ನೀರು ಬಿಡ್ತಾರೆ, ಬೆಚ್ಚಗಿನ ನೀರು, ಹೊಗೆ ಹೊಗೆಯಾಗಿ ಬರ್ತದೆ. ಆಗ ಅಕ್ಕ ಏನು ಕೆಲಸ ಇದ್ದರೂ ಬಿಟ್ಟು ಇಲ್ಲಿ ಬಂದು ಕೂರುವುದು. ಒಂದು ದಿನ ಹೇಳಿದರು, ‘ಸುಂದರಿ, ನಿನಗೆ ನಾತ. ನನಗೆ ಅವರು ಬಾಗಿಲಿಗೆ ಬಂದ ಹಾಗೆ ಆಗ್ತದೆ’ ಅಂತ. ಅಷ್ಟೇ ಹೇಳಿದ್ದು. ಆಮೇಲೆ ಸಂಜೀವಣ್ಣನಿಗೂ ಒಂದು ಹಿಡಿ ಅನ್ನ ತೆಗೆದಿಟ್ಟು ಊಟ ಮಾಡಿದರು.”

ಗಂಜಿಯ ಮೇಲೆ ನನ್ನ ಕೈ ನಿಂತಿತು. ಅಕ್ಕನಿಗೆ ಮದುವೆಯಾದ ಹೊಸತರಲ್ಲಿ ನಾನು ಅವಳ ಮನೆಯಲ್ಲಿ ಆರು ತಿಂಗಳು ಇದ್ದೆ. ಸಂಜೀವ ಭಾವ ಗಿರಣಿಯಿಂದ ಬರುವಾಗ ಅವನಿಗಿಂತ ಮೊದಲು ಅವನ ವಾಸನೆ ಬರುತ್ತಿತ್ತು. ಅಕ್ಕ ಅಡುಗೆಮನೆಯಿಂದಲೇ “ಬಂದರು” ಎನ್ನುತ್ತಿದ್ದಳು. ಅವಳ ಮುಖ ಹೇಗಾಗುತ್ತಿತ್ತು ಎಂಬುದು ಐವತ್ತು ವರ್ಷಗಳ ಆಚೆಯಿಂದ ನನ್ನ ಕಣ್ಣ ಮುಂದೆ ಬಂತು. ಊರನ್ನು ಉಳಿಸಿದ್ದು ಅದು. ಐದು ಕಾರ್ಖಾನೆಗಳನ್ನು, ದೋಣಿಗಳನ್ನು, ಕಾಂಡ್ಲದ ಏಡಿಗಳನ್ನು ಮೂವತ್ತೊಂದು ವರ್ಷ ನಡೆಸಿದ್ದು ಅವಳ ಆ ಒಂದು ಹಂಬಲ. ನಾವು ಅದಕ್ಕೆ ತ್ಯಾಗವೆಂದು ಹೆಸರಿಟ್ಟು ಕೈತೊಳೆದುಕೊಂಡಿದ್ದೆವು.

ನಾನು ಒಂದು ತುತ್ತು ಬಾಯಿಗಿಟ್ಟೆ. ನಿಜ ಹೇಳಬೇಕು, ರುಚಿಯಾಗಲಿಲ್ಲ. ಉಪ್ಪು ಸರಿಯಾಗಿಯೇ ಇತ್ತು. ಗುಂಡಿ ಒಣಗಿ ಬಿರುಕುಬಿಟ್ಟಿತ್ತು, ಗಾಳಿಯಲ್ಲಿ ಕಡಲಿನ ಉಪ್ಪು, ಕಾಂಡ್ಲದ ಎಲೆ, ನಾರು, ಅಷ್ಟೇ. ನನ್ನ ಮೂಗು ಏನನ್ನೋ ಹುಡುಕುತ್ತಿತ್ತು. ಈ ಮೂವತ್ತೊಂದು ವರ್ಷ ನನ್ನ ಅಂಗಳಕ್ಕೆ ಅಕ್ಕ ಬಂದಳೆಂದು ನನಗೆ ಗೊತ್ತಾಗುತ್ತಿದ್ದದ್ದು ಹೇಗೆ? ಜಗಲಿಯಲ್ಲಿ ಅವಳು ಕುಳಿತಿದ್ದಾಳೆಂದು ತಾಳ ಹಾಕುತ್ತಿದ್ದ ನನಗೆ ತಿಳಿಯುತ್ತಿದ್ದದ್ದು ಹೇಗೆ? ಒಳಗೆ ಕರ್ಪೂರ, ಊದುಬತ್ತಿ ಎಷ್ಟೇ ಇರಲಿ, ಬಾಗಿಲಿನಿಂದ ಒಂದು ಎಳೆ ಬರುತ್ತಿತ್ತು. ಅದು ಬಂದ ಮೇಲೆಯೇ ನಾನು ಕಣ್ಣು ಮುಚ್ಚಿ ಹಾಡುತ್ತಿದ್ದೆ. ಬಾರದ ಶನಿವಾರ ತಿರುತಿರುಗಿ ಬಾಗಿಲು ನೋಡುತ್ತಿದ್ದೆ. ನನಗೆ ಇದು ಗೊತ್ತೇ ಇರಲಿಲ್ಲ. ಅವಳು ಹೋದ ದಿನ ಆ ಮನೆಯೊಳಗೆ ನಾರಿನ ವಾಸನೆ ಮಾತ್ರ ಇತ್ತೆಂದು ಆಗ ನೆನಪಾಗಿ ನನಗೆ ಅಳು ಒತ್ತಿ ಬಂತು.

ಎದ್ದೆ. ಸುಂದರಿ ಹಿಂದಿನಿಂದ ಏನೋ ಕೂಗಿದಳು. ತೋಡಿನ ಬದಿಯಲ್ಲೇ ನಡೆದೆ, ಓಡಿದೆನೋ ಏನೋ. ಗಿರಣಿಯ ಬಾಗಿಲಲ್ಲಿ ಹಸನಬ್ಬ ಆಳುಗಳಿಗೆ ಮರುದಿನದ ವಿಷಯ ಹೇಳುತ್ತಿದ್ದ. ನಾನು ಪಂಚೆ ಎತ್ತಿಕಟ್ಟದೆ ಸೀದಾ ಆ ನೀರಿಗೆ ಇಳಿದೆ, ಸೊಂಟದವರೆಗೆ. ಬೆಚ್ಚಗಿತ್ತು. ಬಗ್ಗಿ ಉಸಿರೆಳೆದುಕೊಂಡೆ. ಅಕ್ಕ ಮಗ್ಗುಲಲ್ಲಿ ನಿಂತ ಹಾಗಾಯಿತು. ಇನ್ನೊಮ್ಮೆ ಎಳೆದುಕೊಂಡೆ. ಎಷ್ಟೆಳೆದರೂ ಸಾಲಲಿಲ್ಲ.

“ಹಸನಬ್ಬ, ಬೇಕು ಮಾರಾಯ,” ಎಂದೆ. “ಆರಿಸಬೇಡ. ನನಗೆ ಇದು ಬೇಕು.”

ಅವನು ನನ್ನ ಚಾಚಿದ ಕೈಯನ್ನೇ ನೋಡುತ್ತಿದ್ದ.

“ಗುಮಾಸ್ತರೇ, ಎಂಜಲು ಕೈ,” ಎಂದ ಮೆಲ್ಲನೆ.

ನೋಡಿಕೊಂಡೆ. ಬೆರಳುಗಳಲ್ಲಿ ಗಂಜಿಯ ಅಗುಳು ಹಾಗೆಯೇ ಇದ್ದವು. ಹುಟ್ಟಿದಾರಭ್ಯ ಕೈತೊಳೆಯದೆ ಊಟದಿಂದ ಎದ್ದವನಲ್ಲ ನಾನು. “ಇರಲಿ” ಎಂದು ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಆ ಹೊತ್ತಿನಲ್ಲಿ ತಪ್ಪು ಮಾತಾಡಬಾರದೆಂಬ ಎಚ್ಚರ ಹೇಗೋ ಉಳಿದಿತ್ತು. ಹಸನಬ್ಬ ನೀರಿಗಿಳಿದು ಬಂದು ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ಆಳುಗಳು ಮುಖ ತಿರುಗಿಸಿಕೊಂಡರು.

ಬೆಳಿಗ್ಗೆ ಬೂಬ ಬರಲಿಲ್ಲ, ಯಾರೂ ಬಂದು ಕರೆಯಲಿಲ್ಲ. ನಾಮ ಪೂರ್ತಿ ಹೇಳಿ ಎದ್ದೆ. ದಾರಿಯಲ್ಲಿ ಗಿರಣಿಯ ಚಿಮಣಿಯಲ್ಲಿ ಹೊಗೆ ಕಂಡಿತು. ಅಂಗಳದಲ್ಲಿ ಹೆಂಗಸರು ಒಣನೆಲ ಗುಡಿಸುತ್ತಿದ್ದರು. ಹಿತ್ತಿಲಿಗೆ ಬಂದಾಗ ಮೊದಲ ಗುಂಡಿ ಅಂಚಿನವರೆಗೆ ತುಂಬಿತ್ತು. ಸುಂದರಿ ಮೂಗಿಗೆ ಸೆರಗು ಹಿಡಿದು ನಗುತ್ತಲೂ ಅಳುತ್ತಲೂ ಬೂದಿ ತರಿಸಲು ಆಳು ಕಳಿಸುತ್ತಿದ್ದಳು.

“ಇನ್ನು ನಿಮ್ಮ ಹತ್ತಿರವೂ ಯಾರೂ ಕೂರುವುದಿಲ್ಲ ಅಣ್ಣ,” ಎಂದಳು.

“ಕೂರುವವರು ಕೂರುತ್ತಾರೆ,” ಎಂದೆ.

ಇದೆಲ್ಲ ಆಗಿ ನಾಲ್ಕು ವರ್ಷವಾಯಿತು. ಈಗ ನಾನು ಹಿತ್ತಿಲಿನ ಮನೆಯಲ್ಲೇ ಇದ್ದೇನೆ. ನನ್ನ ತರುವಾಯ ಯಾರು ಎಂದು ಕಟ್ಟೆಯವರು ಆಗಾಗ ಕೇಳುತ್ತಾರೆ. ಮನಸ್ಸಿನ ಬೇಕನ್ನು ಬರೆದಿಟ್ಟು ಹೋಗಲು ಬರುವುದಿಲ್ಲ. ಈಚೆಗೆ ಸಂಜೆ ಹೊತ್ತು ಸುಂದರಿ ಸೆರಗನ್ನು ಮೂಗಿಗೆ ಹಿಡಿಯುವುದಿಲ್ಲ, ಅಷ್ಟನ್ನು ನೋಡಿದ್ದೇನೆ. ಅದರಾಚೆಗಿನದು ದೇವರಿಗೆ ಬಿಟ್ಟದ್ದು.

ಗುಂಡಿ ತುಂಬಿದ ಆ ದಿನ ಉತ್ತರಕ್ರಿಯೆಯ ಎಲೆಯನ್ನು ಅದರ ಅಂಚಿನಲ್ಲೇ ಹಾಸಿದೆವು. ಗಂಜಿ, ಹುರುಳಿ ಚಟ್ನಿ ಬಡಿಸಿದೆವು. ಮಗ್ಗುಲಿಗೆ ಇನ್ನೊಂದು ಎಲೆ ಭಾವನಿಗೆ. ಹಸನಬ್ಬ ದೂರದಲ್ಲಿ ಟೊಪ್ಪಿ ಹಾಕಿ ಕಣ್ಣುಮುಚ್ಚಿ ನಿಂತಿದ್ದ, ಕಾರ್ಮಿನ್ ಬಾಯಿ ಜಪಮಣಿ ಹಿಡಿದಿದ್ದಳು. ನಾನು ದಕ್ಷಿಣಕ್ಕೆ ಮುಖಮಾಡಿ ಕೈಮುಗಿದೆ. ಇಷ್ಟು ವರ್ಷ ಬಾಯಿಪಾಠ ಮಾಡಿದ ಒಂದು ಶ್ಲೋಕವೂ ನೆನಪಿಗೆ ಬರಲಿಲ್ಲ. ಬಂದದ್ದನ್ನೇ ಹೇಳಿದೆ. ನಾರಾಯಣಾ, ನನ್ನ ಅಕ್ಕ ಪದ್ಮಾವತಿ ದುಡಿದು ದಣಿದು ಬಂದಿದ್ದಾಳೆ. ಅವಳ ಬೆನ್ನು ನೋಯುತ್ತಿರುತ್ತದೆ, ಹುರಿ ಹೊಸೆದು ಅಂಗೈ ಒಡೆದಿದೆ. ಅವಳನ್ನು ಗಂಡನ ಹತ್ತಿರ ಕೂರಿಸು. ನನ್ನ ತಪ್ಪನ್ನು ನನ್ನ ಮೇಲೆಯೇ ಇಡು, ಅವಳ ಮನಸ್ಸಿನಲ್ಲಿ ಅದರ ನೋವು ಒಂದಿಷ್ಟೂ ಉಳಿಯದಿರಲಿ. ಅವಳಿಗೆ ವಿಶ್ರಾಂತಿ ಕೊಡು ತಂದೆ, ಅವಳಿಗೆ ಶಾಂತಿ ಕೊಡು.